ತಗಡು ಕೊಳ್ಳುವ ಲೆಕ್ಕ

ನಮ್ಮೂರಿನ ಸರ್ಕಾರಿ ಶಾಲೆಯ ಗೋಡೆಗೆ ಲೋಹದ ಅಕ್ಷರಗಳಲ್ಲಿ ಹೆಸರು ಹಾಕಿಸಬೇಕೆಂದು 2019ರಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ತೀರ್ಮಾನಿಸಿದೆವು. ಬೆಂಗಳೂರಿನಲ್ಲಿ ಇರುವವನೆಂಬ ಕಾರಣಕ್ಕೆ ತಗಡು ಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ಊರಿನವರು ನೂರು, ಇನ್ನೂರು ಎಂದು ಕೂಡಿಸಿಕೊಟ್ಟ ದುಡ್ಡು. ಶಾಲೆ ಇರುವುದು ಕುಂದಾಪುರದ ಕಡೆ, ಸಮುದ್ರಕ್ಕೆ ಕೂಗಳತೆಯ ದೂರದಲ್ಲಿ. ಅಲ್ಲಿನ ಉಪ್ಪುಗಾಳಿಗೆ ಹಿಂದಿನ ಕಬ್ಬಿಣದ ಬೋರ್ಡು ತುಕ್ಕು ಹಿಡಿದು, ಶಾಲೆಯ ಹೆಸರಿನಲ್ಲಿ ಅರ್ಧ ಉದುರಿಹೋಗಿತ್ತು. ಮತ್ತೆ ಚಂದಾ ಕೇಳಲು ಯಾರಿಗೂ ಮುಖವಿರಲಿಲ್ಲ. ಈ ಸಲದ ಅಕ್ಷರ ಬಾಳಲೇಬೇಕಿತ್ತು.

ಪಿಯುಸಿ ಓದುತ್ತಿದ್ದ ಮಗಳನ್ನು ಕರೆದುಕೊಂಡು ಕೆ.ಆರ್. ಮಾರುಕಟ್ಟೆ ಬಳಿಯ ಎಸ್.ಜೆ.ಪಿ. ರಸ್ತೆಗೆ ಹೋದೆ. ಅಂಗಡಿಯವರ ಮೊದಲ ಪ್ರಶ್ನೆ, 'ಎಷ್ಟು ಗೇಜು ಸಾರ್?' ಗೇಜಿನ ಲೆಕ್ಕ ತಿರುಗುಮುರುಗು. ಸಂಖ್ಯೆ ಏರಿದಂತೆ ತಗಡು ತೆಳ್ಳಗಾಗುತ್ತದೆ. 16 ಗೇಜು ಎಂದರೆ ಸುಮಾರು 1.6 ಮಿ.ಮೀ., 20 ಗೇಜು ಎಂದರೆ ಸುಮಾರು 0.9 ಮಿ.ಮೀ. ಗೊಂದಲವೇ ಬೇಡವೆಂದು ಒಂದೂವರೆ ಮಿ.ಮೀ. ಕೇಳಿದೆವು. ಅವರು ಮೇಜಿನ ಖಾನೆಯಿಂದ ಸ್ಕ್ರೂ ಗೇಜ್ ತೆಗೆದು ತಗಡಿನ ಅಂಚಿಗೆ ಹಿಡಿದಾಗ, 'ಅಪ್ಪಾ, ಇದು ಲ್ಯಾಬಿನಲ್ಲಿ ಮಾತ್ರ ಇರುತ್ತೆ ಅಂದ್ಕೊಂಡಿದ್ದೆ' ಎಂದಳು ಮಗಳು.

ತಗಡನ್ನು ಮಾರುವುದು ತೂಕದ ಲೆಕ್ಕದಲ್ಲಿ. ನಮಗೆ ಬೇಕಾದದ್ದು ಉದ್ದಗಲ. ಸಾಂದ್ರತೆಯ ಪಾಠ ಕೆಲಸಕ್ಕೆ ಬರುವುದು ಇಲ್ಲೇ. 8 ಅಡಿಗೆ 4 ಅಡಿಯ, ಒಂದೂವರೆ ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಸುಮಾರು 12 ಕೆ.ಜಿ. ತೂಗಿದರೆ, ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ 35, ಹಿತ್ತಾಳೆ 38 ಕೆ.ಜಿ. ಇರುತ್ತದೆ. ಕಿಲೋ ದರವನ್ನಷ್ಟೇ ಹೋಲಿಸಿದರೆ ಏನೂ ತಿಳಿಯದು. ಮಗಳು ಚೀಟಿಯ ಬೆನ್ನಿಗೆ ಮೂರರ ಚದರಡಿ ದರವನ್ನೂ ಲೆಕ್ಕ ಹಾಕಿದಳು. ಅಲ್ಯೂಮಿನಿಯಂ ಹಗುರ, ಆದರೆ ಮೆತ್ತಗೆ. ಮಕ್ಕಳ ಚೆಂಡಿನ ಏಟಿಗೆ ಬಾಗೀತು. ಹಿತ್ತಾಳೆ ಚೆಂದ, ಆದರೆ ಏಣಿ ಹತ್ತಿ ಹುಣಸೆಹಣ್ಣು ಹಚ್ಚಿ ತಿಕ್ಕುವವರು ಯಾರು? ಉಳಿದದ್ದು ಸ್ಟೀಲ್.

ಸ್ಟೀಲಿನಲ್ಲೂ ದರ್ಜೆಗಳುಂಟು. ಪಕ್ಕದ ಇನ್ನೊಂದು ಅಂಗಡಿಯಲ್ಲಿ 304 ಎಂದು ಹೇಳಿ, ಅಯಸ್ಕಾಂತ ಹಿಡಿದು, 'ನೋಡಿ, ಅಂಟಲ್ಲ' ಎಂದು ತೋರಿಸಿದರು. ನಿಜ, ಆದರೆ ಅಗ್ಗದ 202ಕ್ಕೂ ಅದು ಅಂಟುವುದಿಲ್ಲ. 304ರಲ್ಲಿ ಸುಮಾರು ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಕಡಲ ಗಾಳಿಗೆ ಇವೆರಡಕ್ಕಿಂತ, ಶೇ 2ರಷ್ಟು ಮಾಲಿಬ್ಡಿನಂ ಸೇರಿದ 316 ಮೇಲು, ಬೆಲೆಯೂ ಮೇಲೆಯೇ. 'ಬಿಲ್ಲಿನಲ್ಲಿ ದರ್ಜೆ ಬರೆದುಕೊಡ್ತೀರಾ?' ಎಂದು ಮಗಳು ಕೇಳಿದಳು. ಅವರು ಮಾತು ಬದಲಿಸಿದರು. ಮೊದಲಿನ ಅಂಗಡಿಯವರು 316 ಎಂದು ಬರೆದರಲ್ಲದೆ, ತಯಾರಕರ ಪರೀಕ್ಷಾ ಪತ್ರದ ಪ್ರತಿಯನ್ನೂ ಕೊಟ್ಟರು.

ಇಡೀ ತಗಡು ಕೊಳ್ಳುವಷ್ಟು ಹಣವಿರಲಿಲ್ಲ. ಅಕ್ಷರಗಳು ಆರು ಇಂಚಿನವು. ರಟ್ಟಿನಲ್ಲಿ ಕತ್ತರಿಸಿ ಒಯ್ದಿದ್ದೆವು. ಮೂಲೆಯಲ್ಲಿದ್ದ ಕಟ್‌ಪೀಸುಗಳ ಮೇಲೆ ಮಗಳು ಅವನ್ನು ಹರಡಿದಳು. 'ಹೊಳಪಿನ ಗೆರೆ ಎಲ್ಲಕ್ಕೂ ಒಂದೇ ದಿಕ್ಕಿಗೆ ಇರಲಮ್ಮಾ, ಇಲ್ಲದಿದ್ದರೆ ಬಿಸಿಲಿಗೆ ಒಂದೊಂದು ಅಕ್ಷರ ಒಂದೊಂದು ಬಣ್ಣ ಕಾಣುತ್ತೆ' ಎಂದು ಅಂಗಡಿಯವರು ಎಚ್ಚರಿಸಿದರು. ನಮ್ಮ ಒತ್ತಕ್ಷರಗಳು ಬೇರೆ ತುಂಡುಗಳಾಗಿದ್ದುದೂ ಅನುಕೂಲವಾಯಿತು. 'ಪ್ರಾಥಮಿಕ'ದ ರ ಒತ್ತು ದೊಡ್ಡ ಅಕ್ಷರಗಳ ಸಂದಿಯಲ್ಲೇ ಹಿಡಿಸಿತು. ನಾಲ್ಕು ತುಂಡುಗಳಲ್ಲಿ ಇಡೀ ಹೆಸರು ಮುಗಿಯಿತು, ಹಣವೂ ಸಾಕಾಯಿತು.

ಪಾಲಕರಲ್ಲಿ ಒಂದು ಮಾತು. ಪಾತ್ರೆಯೋ ಗ್ರಿಲ್ಲೋ ಕೊಳ್ಳಲು ಹೊರಟಾಗ, ಓದಿಕೊಳ್ಳಲಿ ಎಂದು ಮಕ್ಕಳನ್ನು ಮನೆಯಲ್ಲಿ ಬಿಟ್ಟುಹೋಗಬೇಡಿ. ಕ್ಷೇತ್ರಫಲ, ಸಾಂದ್ರತೆ, ಮಿಶ್ರಲೋಹ ಮೂರೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ದರ್ಜೆ ಬರೆದ ಬಿಲ್ಲು ಕೇಳುವ ಕೆಲಸವನ್ನೂ ಅವರಿಗೇ ಬಿಡಿ. ದೊಡ್ಡವರಿಗೆ ಸಲೀಸಾಗಿ ಹೇಳುವ ಸಬೂಬನ್ನು ಮಕ್ಕಳ ಮುಖ ನೋಡಿ ಹೇಳಲು ವ್ಯಾಪಾರಿಗಳೂ ಸ್ವಲ್ಪ ತಡವರಿಸುತ್ತಾರೆ.