ಹುಣಸೂರಿನ ಲಾಡ್ಜಿನಲ್ಲಿ ನಾಲ್ಕು ರಾತ್ರಿ

ಕೆಲಸದ ಮೇಲೆ ಊರೂರು ತಿರುಗುವ ಹೆಂಗಸರಿಗೆ ಊಟದ ಚಿಂತೆಗಿಂತ ಮಲಗುವ ಚಿಂತೆಯೇ ದೊಡ್ಡದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸ್ವಸಹಾಯ ಸಂಘಗಳ ಲೆಕ್ಕ ನೋಡುವುದು ನನ್ನ ಕೆಲಸ. ಮೈಸೂರಿನಿಂದ ದಿನಾ ಓಡಾಡಬಹುದು, ನಿಜ. ಆದರೆ ಸಂಘದ ಸಭೆ ಸೇರುವುದು ಹೆಂಗಸರು ಹೊಲದಿಂದ ಬಂದು ಮುದ್ದೆ ತಿರುವಿಟ್ಟ ಮೇಲೆ. ಹಾಗಾಗಿ ಸುಮಾರು 45 ಕಿ.ಮೀ. ದೂರದ ಹುಣಸೂರಿನಲ್ಲೇ ಉಳಿದೆ.

ಆಗ ಹೊಗೆಸೊಪ್ಪಿನ ಹರಾಜಿನ ಕಾಲ. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾದಾಗಿನಿಂದ ಕಟ್ಟೆಮಳಲವಾಡಿ, ಕಂಪಲಾಪುರಗಳ ಹೆಸರು ದೂರದ ವ್ಯಾಪಾರಿಗಳ ಬಾಯಲ್ಲೂ ಇದೆ. ಮೊದಲ ಲಾಡ್ಜಿನವರು “ಜೊತೇಲಿ ಯಾರೂ ಇಲ್ವಾ?” ಎಂದು ಮೂರು ಸಲ ಕೇಳಿ, ರೂಮಿಲ್ಲ ಅಂದುಬಿಟ್ಟರು. ಗಂಡಸೊಬ್ಬ ನನ್ನ ಹಿಂದೆಯೇ ಬಂದು ಬೀಗದ ಕೈ ಈಸಿಕೊಂಡು ಹೋದ!

ಎರಡನೆಯದರಲ್ಲಿ ಜಾಗ ಸಿಕ್ಕಿತು. ಕಬ್ಬಿಣದ ಮಂಚ, ರೆಡಾಕ್ಸೈಡ್ ನೆಲ, ಬಾಯಿ ಮುಕ್ಕಾದ ಪ್ಲಾಸ್ಟಿಕ್ ಮಗ್ಗು, ಓಡದ ಗಡಿಯಾರ. ಚಿಲಕ ಸಡಿಲ. ಅದಕ್ಕೇ ನೋಡಿ, ಒಂದು ಬೀಗ, ಹೊದೆಯುವ ಚಾದರ, ಬಟ್ಟೆ ಒಣಗಿಸಲು ಹಗ್ಗ ಯಾವಾಗಲೂ ಚೀಲದಲ್ಲಿರಲಿ. ಮೇಲಿನ ಅಂತಸ್ತಿನ ರೂಮು ಕೇಳಿ; ದುಡ್ಡು ಕೊಡುವ ಮುಂಚೆ ಒಳಗಿನ ಚಿಲಕ ಹಾಕಿ ನೋಡಿ.

ಬೆಳಗಿನ ಬಿಸಿನೀರು ತರುತ್ತಿದ್ದ ಹೆಂಗಸು ಮಾತುಗಾರ್ತಿ. ಸೊಪ್ಪು ಕೀಳುವ ಕಾಲದಲ್ಲಿ ಹಸಿ ಎಲೆ ಪೋಣಿಸಲು ಹೋಗುತ್ತಿದ್ದಳಂತೆ, ಈಗ ಬಿಟ್ಟಿದ್ದಾಳೆ. “ಒದ್ದೆ ಸೊಪ್ಪು ಮುಟ್ಟಿದ್ರೆ ತಲೆ ಸುತ್ತು, ವಾಂತಿ. ಇಲ್ಲಿ ಕೂಲಿ ಕಮ್ಮಿ ಅಕ್ಕ, ಆದ್ರೆ ಉಂಡದ್ದು ಹೊಟ್ಟೇಲಿ ನಿಲ್ಲುತ್ತೆ.” ಮನೆಯವರು ಪಿತ್ತ ಅನ್ನುತ್ತಿದ್ದರಂತೆ. ಪಿತ್ತವಲ್ಲ. ಮಳೆ, ಇಬ್ಬನಿಯಲ್ಲಿ ನೆಂದ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ಬೀಡಿ ಮುಟ್ಟದವರನ್ನೂ ಬಿಡದು. ನೀರಿಳಿಯದ ಕೈಗವಸು, ತುಂಬುತೋಳಿನ ಅಂಗಿ ಹಾಕಬೇಕು, ನೆಂದ ಬಟ್ಟೆ ಕೂಡಲೇ ಬದಲಾಯಿಸಬೇಕು, ಸೋಪಿನಲ್ಲಿ ಕೈ ತೊಳೆಯಬೇಕು. ಬಸುರಿಯರಂತೂ ಆ ಕೆಲಸದಿಂದ ದೂರವಿರುವುದೇ ಒಳ್ಳೆಯದು.

ಕಾವೇರಿ ನೀರುಂಡ ಕೆ.ಆರ್. ನಗರದ ಭತ್ತದ ಗದ್ದೆಗಳ ನಡುವೆ ಈ ಮಾತು ಬರಲಿಲ್ಲ. ಕಾಡಂಚಿನ ಕೋಟೆಯಲ್ಲಿ ಆನೆಯದೇ ಸುದ್ದಿ. ಕೊನೆಯ ದಿನ ಪಿರಿಯಾಪಟ್ಟಣದ ಕಡೆಯ ಸಂಘದಲ್ಲಿ ನಾನೇ ತೆಗೆದೆ. “ನಂಗೂ ಹಂಗೇ ಆಯ್ತದೆ” ಎಂದು ಒಬ್ಬೊಬ್ಬರಾಗಿ ಕೈಯೆತ್ತಿದರು. ಮಾಲೀಕರು ಕೈಗವಸು ಕೊಡಿಸೋದುಂಟೇ ಎಂದು ನಕ್ಕರು. ಕೊನೆಗೆ ಸಂಘದ ದುಡ್ಡಿನಲ್ಲೇ ಹತ್ತು ಜೊತೆ ತರುವುದೆಂದಾಯಿತು. ಯಾವ ಖಾತೆಗೆ ಬರೆಯುವುದು ಎಂಬುದಕ್ಕೇ ಅರ್ಧ ಗಂಟೆ ಚರ್ಚೆ. ‘ಆರೋಗ್ಯ’ ಅಂತ ಬರೆಸಿ, ರಾತ್ರಿ ಒಂಬತ್ತಕ್ಕೆ ಬಸ್ಸು ಹತ್ತಿದೆ.