ಹಿಂಗಾರು ಇಲ್ಲದ ಊರು

ಕಾರ್ತಿಕದ ಕೊನೇ ಸೋಮವಾರ ಬಸವನಗುಡೀಲಿ ಕಡಲೆಕಾಯಿ ಪರಿಷೆ. ಅಪ್ಪ ಪಾವಗಡ ಕಡೆಯ ನಮ್ಮೂರಿಂದ ಮೊದಲನೇ ಬಸ್ಸು ಹತ್ತಿ ಬಂದಿದ್ದ. ಬುಲ್ ಟೆಂಪಲ್ ರಸ್ತೆ ಉದ್ದಕ್ಕೂ ಕಾಯಿ ರಾಶಿ. ಅಪ್ಪ ಕೊಳ್ಳೋದಿಲ್ಲ. ಒಂದು ಕಾಯಿ ಒಡೆದು, ಬೀಜ ನೋಡಿ, "ಜೊಳ್ಳು. ಕೊನೇ ಮಳೆ ಸಿಕ್ಕಿಲ್ಲ ಇದಕ್ಕೆ" ಅಂತ ಮುಂದಿನ ರಾಶಿಗೆ ಹೋಗ್ತಾನೆ.

ಅವನ ಹೊಲದ ಕಾಯೂ ಆ ವರ್ಷ ಜೊಳ್ಳೇ. ತಿರುಮಣಿ ಕಡೆಯ ನೆಂಟರು ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟು ನಿಶ್ಚಿಂತೆಯಾಗಿದ್ದಾರೆ. ಸುಮಾರು 13,000 ಎಕರೆ ಪಾರ್ಕು ಅದು, ಅಲ್ಲಿ ಬಿಸಿಲಿಗೇ ಬಾಡಿಗೆ. "ಬೇಸಾಯ ಸಾಕು, ಇಲ್ಲಿಗೆ ಬಂದ್ಬಿಡಪ್ಪ" ಅಂತ ನಾನು ಹೇಳ್ತಾನೇ ಇದ್ದೆ. ಪರಿಷೇಲೂ ಹೇಳಿದೆ. ಅವನು ಮಾತಾಡಲಿಲ್ಲ.

ಮನೆಗೆ ಬಂದರೆ ಮಗಳು ಅಟ್ಲಾಸ್ ಹರಡಿಕೊಂಡು ಕೂತಿದ್ದಳು. ಸ್ಕೂಲಿನ ಪ್ರಾಜೆಕ್ಟಿಗೆ ಅವಳಿಗೆ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಸೆನೆಗಲ್.

"ತಾತ, ಅಲ್ಲೂ ಕಡಲೆಕಾಯಿ ಬೆಳೀತಾರಂತೆ!"

ಅಪ್ಪ ಕನ್ನಡಕ ಹಾಕ್ಕೊಂಡ. ನಾನೂ ಪಕ್ಕದಲ್ಲಿ ಕೂತೆ. ಅಲ್ಲಿನ ಕಡಲೆಕಾಯಿ ಸೀಮೆಯ ದೊಡ್ಡ ಪೇಟೆ ಕಾವ್ಲಾಕ್. ಇರೋದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅದೇ ಗೆರೆ ಹಿಡಿದು ಬೆರಳನ್ನ ಪೂರ್ವಕ್ಕೆ ಎಳೆದರೆ ನಮ್ಮ ಪಾವಗಡ! ಅಲ್ಲೂ ಮಳೆ ನಂಬಿದ ಬೇಸಾಯ, ಮಳೆ ಶುರುವಾದ ಮೇಲೇ ಬಿತ್ತನೆ.

"ಹಿಂಗಾರು ಐತೇನಪ್ಪ ಅಲ್ಲಿ?" ಅಂದ ಅಪ್ಪ.

ಇಲ್ಲ. ಅಕ್ಟೋಬರಿಗೆ ಅಲ್ಲಿ ಮಳೆ ಮುಗೀತು. ಆಮೇಲೆ ಅಲ್ಲೂ ನಮ್ಮ ಹಾಗೇ ಈಶಾನ್ಯದ ಗಾಳಿ ಬೀಸುತ್ತೆ. ನಮ್ಮ ಗಾಳಿ ಬಂಗಾಳ ಕೊಲ್ಲಿ ದಾಟಿ ನೀರು ಹೊತ್ತು ಬರುತ್ತೆ. ಅವರದು ಸಹಾರಾ ಮರುಭೂಮಿ ದಾಟಿ ಧೂಳು ಹೊತ್ತು ಬರುತ್ತೆ. ಹರ್ಮಟಾನ್ ಅಂತ ಅದರ ಹೆಸರು. ಮತ್ತೆ ಮಳೆ ಕಾಣೋದು ಜೂನ್ ಹೊತ್ತಿಗೆ. 1970, 80ರ ದಶಕಗಳಲ್ಲಿ ಆ ಒಂದು ಮಳೆಯೂ ಕೈಕೊಟ್ಟು ಸಹಾರಾದ ಅಂಚಿನ ಸೀಮೆಯೆಲ್ಲ ಬರಕ್ಕೆ ಸಿಕ್ಕಿತ್ತು. ನಮ್ಮ ಆಫೀಸಿನ ಭಾಷೇಲಿ ಹೇಳಬೇಕಂದ್ರೆ, ಬ್ಯಾಕಪ್ ಇಲ್ಲದ ಸರ್ವರ್.

"ಆದ್ರೂ ಬಿತ್ತುತಾರಾ?"

"ಬಿತ್ತುತಾರೆ. ಇವತ್ತಿಗೂ ಆ ಸೀಮೆಯ ಮುಖ್ಯ ಬೆಳೆ ಅದೇ."

ಅಪ್ಪ ಅಟ್ಲಾಸನ್ನ ಹತ್ತಿರಕ್ಕೆ ಎಳ್ಕೊಂಡು ಸುಮಾರು ಹೊತ್ತು ನೋಡಿದ.

ಮರುದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವಾಗ ಹಿಂದಿನ ದಿನದ ನನ್ನ ಮಾತಿಗೆ ಉತ್ತರ ಕೊಟ್ಟ. "ಅವರು ಒಂದೇ ಮಳೆ ನಂಬ್ಕೊಂಡು ಬಿತ್ತುತಾರೆ. ನಮಗೆ ಎರಡು ಐತೆ. ಬಿಟ್ಟು ಬಾ ಅಂತೀಯಲ್ಲೋ!"

ನನಗೆ ಮಾತು ಹೊರಡಲಿಲ್ಲ. ಜೂನ್‌ನಲ್ಲಿ, ಅವನು ಕೇಳೋಕೆ ಮುಂಚೆಯೇ ಬಿತ್ತನೆ ಬೀಜದ ದುಡ್ಡು ಕಳಿಸಿದೆ.