ಕಾಣದ ಆಟದ ಅಭಿಮಾನಿ

ಆಟವನ್ನು ಆಡುವವರು ಒಂದು ವರ್ಗ, ನೋಡುವವರು ಇನ್ನೊಂದು ವರ್ಗ. ಈ ಎರಡಕ್ಕೂ ಸೇರದ ಮೂರನೆಯ ವರ್ಗವೊಂದುಂಟು. ಅವರು ಆಡಿದವರೂ ಅಲ್ಲ, ನೋಡಿದವರೂ ಅಲ್ಲ. ಆದರೂ ಆಟದ ಫಲಿತಾಂಶ ತಿಳಿಯುವವರೆಗೆ ಅವರಿಗೆ ಊಟ ರುಚಿಸುವುದಿಲ್ಲ. ಮೈದಾನ ಇರುವುದು ನೂರಾರು ಮೈಲಿ ದೂರದಲ್ಲಿ. ಆಟಗಾರರ ಮುಖವನ್ನು ಅವರು ಬಲ್ಲುದು ಪತ್ರಿಕೆಯಲ್ಲಿ ಮಸಿ ಹರಡಿಕೊಂಡು ಅಚ್ಚಾದ ಚಿತ್ರಗಳಿಂದ ಮಾತ್ರ. ಹೀಗಿದ್ದರೂ ತಂಡ ಸೋತ ದಿನ ಅವರ ಮನೆಯಲ್ಲಿ ಮಾತು ಕಡಿಮೆ.

1973ರ ಚಳಿಗಾಲದಲ್ಲಿ ಚಿತ್ರದುರ್ಗದ ಶೇಂಗಾ ಮಂಡಿಯೊಂದರ ಗುಮಾಸ್ತ ಈ ಮೂರನೆಯ ವರ್ಗಕ್ಕೆ ಸೇರಿದವನಾಗಿದ್ದ. ಕೆಲಸ ಖಿರ್ದಿ ಬರೆಯುವುದು, ಖಾತೆಗೆ ಏರಿಸುವುದು. ವಾರದಲ್ಲಿ ಎರಡು ಮೂರು ದಿನ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳಿಗೆ ಬಸ್ಸಿನಲ್ಲಿ ಹೋಗಿ ಬಾಕಿ ವಸೂಲು ಮಾಡಿಕೊಂಡು ಬರುವುದು. ಬ್ಯಾಟನ್ನು ಕೈಯಲ್ಲಿ ಹಿಡಿದವನಲ್ಲ. ಬಾಲ್ಯದಲ್ಲಿ ಕಬಡ್ಡಿ ಆಡಿ ಮೊಣಕಾಲು ಕೆತ್ತಿಸಿಕೊಂಡದ್ದೇ ಆತನ ಕ್ರೀಡಾಜೀವನ. ಕ್ರಿಕೆಟ್ಟು ಆತನಿಗೆ ಒದಗಿದ್ದು ಕಿವಿಯಿಂದ ಮತ್ತು ಅಕ್ಷರದಿಂದ. ಮಂಡಿಯ ಎದುರಿನ ಹೋಟೆಲಿನಲ್ಲಿದ್ದ ರೇಡಿಯೊ ಒಂದು ಗುರು, ಬೆಂಗಳೂರಿನಿಂದ ಬರುವ ದಿನಪತ್ರಿಕೆ ಮತ್ತೊಂದು ಗುರು.

ಆ ವರ್ಷಕ್ಕೆ ಒಂದು ವಿಶೇಷವಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಅದುವರೆಗೆ ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ಕ್ರಿಕೆಟ್ ತಂಡವೂ ಅದೇ ಋತುವಿನಿಂದ ಕರ್ನಾಟಕ ತಂಡವಾಯಿತು. ಹೆಸರು ಬದಲಾದ ಮಾತ್ರಕ್ಕೆ ಚೆಂಡು ಹೆಚ್ಚು ತಿರುಗುವುದಿಲ್ಲ, ನಿಜ. ಆದರೆ ಚಿತ್ರದುರ್ಗದಂಥ ಊರಿಗೆ ಆ ಹೆಸರು ಬರಿಯ ಹೆಸರಾಗಿರಲಿಲ್ಲ. ದಾವಣಗೆರೆ, ಹರಿಹರಗಳನ್ನೂ ಒಳಗೊಂಡಿದ್ದ ಅಂದಿನ ಜಿಲ್ಲೆ ಹಳೆಯ ಮೈಸೂರಿನ ಉತ್ತರದ ಅಂಚು. ಅದರಾಚೆಗಿನ ಬಳ್ಳಾರಿ 1953ರವರೆಗೆ ಮದರಾಸಿನದಾಗಿತ್ತು. ಧಾರವಾಡ, ಹುಬ್ಬಳ್ಳಿಗಳು 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಮೂರೂ ಕಡೆಯ ಜನ ವ್ಯಾಪಾರಕ್ಕಾಗಿ ಸೇರುತ್ತಿದ್ದ ಮಂಡಿಯಲ್ಲಿ ‘ನಮ್ಮ ಕಡೆ’, ‘ನಿಮ್ಮ ಕಡೆ’ ಎಂಬ ಮಾತು ಇನ್ನೂ ಬಳಕೆಯಲ್ಲಿತ್ತು.

ಗುಮಾಸ್ತನ ಪಕ್ಕದ ಮೇಜಿನಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದವರು ಹುಬ್ಬಳ್ಳಿಯ ಕಡೆಯವರು, ವಯಸ್ಸಿನಲ್ಲಿ ಹಿರಿಯರು. ಅವರು ಓದು ಮುಗಿಸಿ ಕೆಲವು ವರ್ಷ ಮುಂಬಯಿಯಲ್ಲಿ ಕೆಲಸ ಮಾಡಿ ಬಂದಿದ್ದರು. ಆಟದ ವಿಷಯದಲ್ಲಿ ಅವರದು ಮುಂಬಯಿಯ ಪಕ್ಷ. ಇದಕ್ಕೆ ಅವರಲ್ಲಿ ಬಲವಾದ ಸಮರ್ಥನೆಯೂ ಇತ್ತು. 1958-59ರಿಂದ 1972-73ರವರೆಗೆ ಒಂದೇ ಸಮನೆ ಹದಿನೈದು ಸಲ ರಣಜಿ ಟ್ರೋಫಿಯನ್ನು ಗೆದ್ದ ತಂಡ ಅದು. “ಏನ್ರೀ, ನಿಮ್ಮ ಮೈಸೂರಿನವರು ಈ ಸಲ ಎಲ್ಲಿತನಕ ಬರ್ತಾರ?” ಎಂದು ಅವರು ಕೇಳಿದರೆ, “ಮೈಸೂರಲ್ಲ ರಾಯರೇ, ಕರ್ನಾಟಕ. ತಾವೂ ಅದರಲ್ಲೇ ಇದ್ದೀರಿ” ಎಂದು ಗುಮಾಸ್ತ ಉತ್ತರಿಸುತ್ತಿದ್ದ. ರಾಯರು ನಕ್ಕು ಖಾತೆಯ ಪುಟ ತಿರುವುತ್ತಿದ್ದರು.

ರಣಜಿ ಪಂದ್ಯಾವಳಿಯ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ತಿಳಿಯುವುದು ಲೇಸು. ಅಮೆರಿಕ ದೇಶದಲ್ಲಿ ಕಾಲೇಜುಗಳ ಬಾಸ್ಕೆಟ್‌ಬಾಲ್ ತಂಡಗಳು ಗುಂಪು ಗುಂಪಾಗಿ ಸೇರಿಕೊಂಡು, ಚಳಿಗಾಲವೆಲ್ಲ ತಮ್ಮ ಗುಂಪಿನೊಳಗೆ ಆಡಿ, ಆಮೇಲೆ ದೇಶದ ಮಟ್ಟದ ಸ್ಪರ್ಧೆಗೆ ಹೋಗುತ್ತವೆ. ಆ ಋತುವಿನುದ್ದಕ್ಕೂ ತಮ್ಮ ಕಾಲೇಜಿನ ತಂಡದ ಹಿಂದೆ ಊರೂರು ತಿರುಗುವ ಅಭಿಮಾನಿಗಳು ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. ನಮ್ಮ ರಣಜಿಯಲ್ಲಿ ಆಗ ಇದ್ದುದೂ ಇಂಥದೇ ಕ್ರಮ. ದೇಶವನ್ನು ಐದು ವಲಯಗಳಾಗಿ ಮಾಡಿದ್ದರು. ದಕ್ಷಿಣ ವಲಯದಲ್ಲಿ ಕರ್ನಾಟಕ, ತಮಿಳುನಾಡು, ಹೈದರಾಬಾದು, ಆಂಧ್ರ, ಕೇರಳ ತಂಡಗಳು ಪರಸ್ಪರ ಆಡಿ, ಅಲ್ಲಿ ಮೇಲೆ ಬಂದವರು ಮುಂದಿನ ಹಂತಕ್ಕೆ ಹೋಗಬೇಕು. ಆ ಹಂತದಲ್ಲಿ ಸೋತವರು ಮನೆಗೆ. ಪಂದ್ಯ ಪೂರ್ತಿಯಾಗದೆ ಉಳಿದರೆ ಮೊದಲ ಇನಿಂಗ್ಸಿನಲ್ಲಿ ಹೆಚ್ಚು ಓಟ ಮಾಡಿದವರಿಗೆ ಜಯ. ಈ ಕೊನೆಯ ನಿಯಮವನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಗುಮಾಸ್ತ ಇದನ್ನೆಲ್ಲ ಹಳೆಯ ಖಾತೆ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಬರೆದಿಡುತ್ತಿದ್ದ. ಜಮಾ, ಖರ್ಚು ಎಂದು ಅಚ್ಚಾಗಿದ್ದ ಕಾಲಂಗಳಲ್ಲಿ ಕರ್ನಾಟಕದ ಓಟಗಳು ಜಮಾ ಕಡೆಗೆ, ಎದುರಾಳಿಗಳ ಓಟಗಳು ಖರ್ಚಿನ ಕಡೆಗೆ. ಮಂಡಿಯ ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಆತ ಇಲ್ಲಿಯೂ ಒಂದು ಓಟ ತಪ್ಪಲು ಬಿಡುತ್ತಿರಲಿಲ್ಲ. ಅಂಕಿಗಳನ್ನು ಸಂಗ್ರಹಿಸುವುದೇನೂ ಸುಲಭವಾಗಿರಲಿಲ್ಲ. ಇಂದಿನ ವಿದ್ಯಾರ್ಥಿಗೆ ಚೆಂಡು ಬ್ಯಾಟಿಗೆ ತಗುಲಿದ ಕ್ಷಣವೇ ಅಂಗೈಯಲ್ಲಿ ಕಾಣುತ್ತದೆ. ಅಂದು ಹಿಂದಿನ ಸಂಜೆಯ ಸುದ್ದಿ ಮರುದಿನದ ಪತ್ರಿಕೆಯಲ್ಲಿ. ಬೆಂಗಳೂರಿನಿಂದ ತುಮಕೂರು, ಶಿರಾ ದಾಟಿ ಬರುವ ಬಸ್ಸು ಮೊದಲು ಮುಟ್ಟುವುದು ಹಿರಿಯೂರನ್ನು. ಚಿತ್ರದುರ್ಗ ಅಲ್ಲಿಂದ ಮುಂದೆ ಸುಮಾರು 40 ಕಿಲೋಮೀಟರು. ಆದುದರಿಂದ ಪಂದ್ಯದ ದಿನಗಳಲ್ಲಿ ಆತನಿಗೆ ಹಿರಿಯೂರಿನ ಬಾಕಿದಾರರ ನೆನಪು ವಿಶೇಷವಾಗಿ ಬರುತ್ತಿತ್ತು. ಯಜಮಾನರಿಗೆ ಈ ಕರ್ತವ್ಯನಿಷ್ಠೆಯ ಮೂಲ ತಿಳಿದಿತ್ತೋ ಇಲ್ಲವೋ, ಬಾಕಿ ಮಾತ್ರ ಚೆನ್ನಾಗಿ ವಸೂಲಾಗುತ್ತಿತ್ತು.

ಹೊಳಲ್ಕೆರೆ, ಹೊಸದುರ್ಗಗಳ ದಾರಿ ಬೇರೆ. ಅತ್ತ ಹೋಗುವಾಗ ಆತ ಸುದ್ದಿಯನ್ನು ಪಡೆಯುವವನಲ್ಲ, ಕೊಡುವವನು. ಹೊಳಲ್ಕೆರೆಯಲ್ಲಿ ಅಡಕೆ ವ್ಯಾಪಾರಿಯೊಬ್ಬರು, ಹೊಸದುರ್ಗದಲ್ಲಿ ತೆಂಗಿನಕಾಯಿ ಮಂಡಿಯ ಹುಡುಗರಿಬ್ಬರು ಆತನಿಗಾಗಿ ಕಾದಿರುತ್ತಿದ್ದರು. ಬಸ್ಸಿನಿಂದ ಇಳಿದವನ ಮುಖ ನೋಡಿಯೇ ಅವರಿಗೆ ಅರ್ಧ ಸುದ್ದಿ ತಿಳಿಯುತ್ತಿತ್ತು. ಉಳಿದರ್ಧವನ್ನು ಆತ ವಿಸ್ತರಿಸಿ ಹೇಳುವನು. ಕಣ್ಣಾರೆ ಕಾಣದ ಆಟವನ್ನು ಕಂಡಂತೆ ವರ್ಣಿಸುವ ಕಲೆ ಆತನಿಗೆ ಒಲಿದಿತ್ತು. ಪತ್ರಿಕೆಯಲ್ಲಿ ಒಂದು ವಾಕ್ಯವಿದ್ದರೆ ಆತನ ಬಾಯಲ್ಲಿ ಅದು ಹತ್ತು ವಾಕ್ಯವಾಗುತ್ತಿತ್ತು. ಅಂಕಿಗಳನ್ನು ಮಾತ್ರ ಆತ ಬೆಳೆಸುತ್ತಿರಲಿಲ್ಲ.

ತಂಡವಾದರೂ ವರ್ಣನೆಗೆ ತಕ್ಕ ತಂಡವೇ. ನಾಯಕ ಎರಪಳ್ಳಿ ಪ್ರಸನ್ನ. ಟೆಸ್ಟ್ ಆಟ ಆರಂಭಿಸಿದ ಮೇಲೆ ಇಂಜಿನಿಯರಿಂಗ್ ವಿದ್ಯಾಭ್ಯಾಸಕ್ಕಾಗಿ ಐದು ವರ್ಷ ಟೆಸ್ಟ್ ಪಂದ್ಯಗಳಿಂದ ದೂರ ಉಳಿದು, ಪದವಿ ಪಡೆದು, ಮತ್ತೆ ಬಂದು ಗೆದ್ದವರು. ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು ಬ್ಯಾಟುಗಾರನನ್ನು ಮುಂದಕ್ಕೆ ಕರೆದು ವಂಚಿಸುವುದು ಅವರ ರೀತಿ. ಅವರ ಜೊತೆಗಾರ ಬಿ. ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತ್ತು. ಆ ಸೊರಗಿದ ಕೈಯಿಂದಲೇ ಅವರು ವೇಗದ ಸ್ಪಿನ್ ಎಸೆದು 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯವನ್ನು ತಂದುಕೊಟ್ಟಿದ್ದರು. ಬ್ಯಾಟಿಂಗಿನಲ್ಲಿ ಗುಂಡಪ್ಪ ವಿಶ್ವನಾಥ್, ಬ್ರಿಜೇಶ್ ಪಟೇಲ್. ಈ ವಿಶ್ವನಾಥರು ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. ಭದ್ರಾವತಿಯೆಂದರೆ ನೆರೆಯ ಜಿಲ್ಲೆ; ಗುಮಾಸ್ತನ ಪಾಲಿಗೆ ಇಷ್ಟು ಸಂಬಂಧ ಸಾಕಾಗಿತ್ತು. 1967ರಲ್ಲಿ ಆಡಿದ ಮೊಟ್ಟಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಓಟ, 1969ರಲ್ಲಿ ಕಾನಪುರದ ಮೊದಲ ಟೆಸ್ಟಿನಲ್ಲಿ ಒಂದು ಸೊನ್ನೆ, ಒಂದು 137. ಸೊನ್ನೆಯ ಮರುಸಲವೇ ಶತಕ ಹೊಡೆದ ಆ ಕುಳ್ಳ ದೇಹದ ಆಟಗಾರನ ಹೆಸರನ್ನು ಗುಮಾಸ್ತ ಮನೆಯ ಹುಡುಗನ ಹೆಸರಿನಂತೆ ಉಚ್ಚರಿಸುತ್ತಿದ್ದ.

ಆದರೂ ಭಯವಿತ್ತು. ಭಯಕ್ಕೆ ನಲವತ್ತು ವರ್ಷದ ಇತಿಹಾಸವಿತ್ತು. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕದಲ್ಲಿ ರಣಜಿಯ ಮೊದಲ ಪಂದ್ಯ ನಡೆದಾಗ ಸೋತವರು ಮೈಸೂರಿನವರೇ. ಅದೂ ಒಂದೇ ದಿನದಲ್ಲಿ. ಮುಂದೆ 1941-42ರಲ್ಲಿ, 1959-60ರಲ್ಲಿ ಫೈನಲ್ ಮುಟ್ಟಿದರೂ ಎರಡು ಸಲವೂ ಎದುರಿಗೆ ಮುಂಬಯಿ, ಎರಡು ಸಲವೂ ಸೋಲು. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ಕಂಡವರಿಗೆ ಇಂಥ ಕಾಯುವಿಕೆ ಹೊಸದಲ್ಲ. 1907ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಹರಿದದ್ದು. ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಬಯಲುಸೀಮೆಯ ಜನ ಮೋಡ ನೋಡಿ ಹಿಗ್ಗುವುದಿಲ್ಲ. ಹನಿ ನೆಲಕ್ಕೆ ಬಿದ್ದ ಮೇಲೆ ಮಾತು. ಗುಮಾಸ್ತನೂ ಹಾಗೆಯೇ ವಲಯದ ಪಂದ್ಯಗಳು ಮುಗಿಯುವವರೆಗೆ ಯಾವ ಭವಿಷ್ಯವನ್ನೂ ನುಡಿಯಲಿಲ್ಲ.

1974ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಾಳಿ ಮುಂಬಯಿ. ಓವಲಿನಲ್ಲಿ ಚಂದ್ರಶೇಖರರ ನಾಯಕರಾಗಿದ್ದ ಅಜಿತ್ ವಾಡೇಕರರೇ ಈಗ ಎದುರಿನ ಪಾಳೆಯದಲ್ಲಿ, ಜೊತೆಗೆ ಸುನಿಲ್ ಗಾವಸ್ಕರ್. ಗುಮಾಸ್ತ ಬಸ್ಸಿನ ಛಾರ್ಜನ್ನು ಕೂಡಿಸಿಟ್ಟಿದ್ದ. ಆದರೆ ಮಾರ್ಚಿ ಲೆಕ್ಕ ಮುಗಿಸುವ ತಿಂಗಳು. ರಜೆ ಕೇಳಲು ಯಜಮಾನರ ಮುಂದೆ ಎರಡು ಸಲ ನಿಂತು, ಎರಡು ಸಲವೂ ಬೇರೇನೋ ಕೇಳಿ ಹಿಂದಿರುಗಿದ. ಬೆಂಗಳೂರಿಗೆ ಹೊರಟವರು ರಾಯರು. ಅವರ ತಂಗಿಯ ಮಗಳ ನಿಶ್ಚಿತಾರ್ಥ ಅದೇ ವಾರ ಅಲ್ಲಿ ಗೊತ್ತಾಗಿತ್ತು. ಕ್ರೀಡಾಭಿಮಾನಕ್ಕೆ ಸಿಗದ ರಜೆ ಮದುವೆಯ ಮಾತಿಗೆ ಸಿಗುತ್ತದೆ. ಲೋಕದ ರೂಢಿಯೇ ಹಾಗೆ.

ಮೊದಲು ಆಡಿದ ಕರ್ನಾಟಕ 385 ಓಟಗಳನ್ನು ಮಾಡಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಖಾತೆಯ ಜಮಾ ಕಡೆಗೆ ಈ ಅಂಕಿಗಳು ಏರಿದಾಗ ಗುಮಾಸ್ತನ ಅಕ್ಷರ ಎಂದಿಗಿಂತ ದೊಡ್ಡದಾಗಿತ್ತು. ಮುಂದಿನದು ಮುಂಬಯಿಯ ಸರದಿ. ಆ ದಿನಗಳಲ್ಲಿ ಆತ ಮಂಡಿಯಲ್ಲಿ ಕೂಡಿದ್ದ ಅಂಕಿಗಳನ್ನೇ ಮತ್ತೆ ಕೂಡುತ್ತ, ಗಂಟೆಗೊಮ್ಮೆ ಎದುರಿನ ಹೋಟೆಲಿಗೆ ಹೋಗಿ ಬರುತ್ತಿದ್ದ. ರೇಡಿಯೊ ಆ ಹೊತ್ತಿಗೆ ಕೃಷಿಯ ಮಾತನ್ನೋ ಸುಗಮ ಸಂಗೀತವನ್ನೋ ನುಡಿಯುತ್ತಿದ್ದರೆ, ಹಾಡುವವರ ಮೇಲೆ ಆತನಿಗೆ ಅಕಾರಣವಾದ ಕೋಪ. ಕೊನೆಗೆ ವಾರ್ತೆಯ ತುದಿಯಲ್ಲಿ ಬಂದದ್ದು ಎರಡೇ ವಾಕ್ಯ. ಮುಂಬಯಿ 307ಕ್ಕೆ ಮುಗಿದಿತ್ತು. 78 ಓಟಗಳ ಮುನ್ನಡೆ. ಪಂದ್ಯ ಪೂರ್ತಿಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಹದಿನೈದು ವರ್ಷಗಳ ಸಾಮ್ರಾಜ್ಯ ಮೊದಲ ಇನಿಂಗ್ಸಿನ ಮುನ್ನಡೆಯಲ್ಲಿ ಮುರಿದುಬಿದ್ದಿತ್ತು.

ರಾಯರು ಊರಿಗೆ ಹಿಂದಿರುಗಿದ ದಿನ ಬಾಯಿ ಬಿಡಲು ಬಹಳ ಹೊತ್ತು ಹಿಡಿಯಿತು. ನಿಶ್ಚಿತಾರ್ಥದ ಮನೆಯಿಂದ ತಪ್ಪಿಸಿಕೊಂಡು ಅವರು ಒಂದು ದಿನ ಮೈದಾನಕ್ಕೆ ಹೋಗಿದ್ದರು. ಇನ್ನೂ ಕಟ್ಟಡ ಪೂರ್ತಿಯಾಗದ ಹೊಸ ಕ್ರೀಡಾಂಗಣ, ತಲೆಯ ಮೇಲೆ ಮಾರ್ಚಿಯ ಬಿಸಿಲು. ಅವರ ಕಣ್ಣ ಮುಂದೆಯೇ ಪ್ರಸನ್ನರ ಎಸೆತ ಗಾವಸ್ಕರರ ವಿಕೆಟ್ಟನ್ನು ಉರುಳಿಸಿತ್ತು. ಅವರ ಕಣ್ಣ ಮುಂದೆಯೇ ವಾಡೇಕರ್ ಓಡುತ್ತ ಕಾಲು ಜಾರಿ ರನ್ ಔಟ್ ಆಗಿದ್ದರು.

“ಗಾವಸ್ಕರ್ ಔಟ್ ಆದಾಗ ಎಲ್ಲಾರೂ ಎದ್ದು ನಿಂತರು ನೋಡ್ರಿ” ಎಂದರು ರಾಯರು.

“ತಾವು?” ಎಂದು ಗುಮಾಸ್ತ ಕೇಳಿದ.

“ನಾನೂ ನಿಂತಿದ್ದೆ. ಯಾವಾಗ ನಿಂತೆ ಅನ್ನೋದು ತಿಳೀಲಿಲ್ಲ.” ಸ್ವಲ್ಪ ತಡೆದು ಅವರು, “ನಮ್ಮವರು ಛಲೋ ಆಡಿದರು” ಎಂದರು.

‘ನಮ್ಮವರು’ ಯಾರೆಂದು ಗುಮಾಸ್ತ ಕೇಳಲಿಲ್ಲ. ಕೇಳಿದ್ದರೆ ರಾಯರು ಎಂದಿನಂತೆ ನಕ್ಕು ಜಾರಿಕೊಳ್ಳುತ್ತಿದ್ದರು. ಬದಲಾಗಿ, ಚೆಂಡು ಹೇಗೆ ಬಂದಿತು, ಎಲ್ಲಿ ಪುಟಿಯಿತು, ಎತ್ತ ತಿರುಗಿತು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡ. ಮರುದಿನ ಹೊಸದುರ್ಗದಲ್ಲಿ ಇದೇ ವರ್ಣನೆ ತೆಂಗಿನಕಾಯಿ ರಾಶಿಯ ಮುಂದೆ ನಡೆಯಿತು. ಕಾಯಿಯೊಂದನ್ನು ಕೈಯಲ್ಲಿ ತಿರುಗಿಸಿ ಪ್ರಸನ್ನರ ಬೆರಳುಗಳ ಚಲನೆಯನ್ನು ಆತ ತೋರಿಸಿದನಂತೆ.

ಫೈನಲ್ ನಡೆದದ್ದು ಜಯಪುರದಲ್ಲಿ, ರಾಜಸ್ಥಾನದ ವಿರುದ್ಧ, ಅದೇ ಮಾರ್ಚಿಯಲ್ಲಿ. ಮುಂಬಯಿಯನ್ನು ದಾಟಿ ಬಂದ ತಂಡಕ್ಕೆ ಅಲ್ಲಿ ಹೆದರುವುದೇನಿದೆ ಎಂದು ಊರವರು ಹೇಳುತ್ತಿದ್ದರು. ಗುಮಾಸ್ತ ಮಾತ್ರ ಹಾಗೆನ್ನಲಿಲ್ಲ. ಗೆದ್ದೆವೆಂದು ಕೊಂಡಾಡಿದ ಬೆಳೆ ಕಣದಲ್ಲಿ ನೆನೆದದ್ದನ್ನು ಮಂಡಿಯವರು ಬಲ್ಲರು. ಕರ್ನಾಟಕ 185 ಓಟಗಳಿಂದ ಗೆದ್ದಿತು. ಸುದ್ದಿ ತಿಳಿದ ಹೊತ್ತಿಗೆ ಆತ ಹೊಳಲ್ಕೆರೆಯ ಬಸ್ಸಿನಲ್ಲಿದ್ದ. ಪಕ್ಕದಲ್ಲಿ ಕುಳಿತಿದ್ದವರ ಪತ್ರಿಕೆಯನ್ನು ಬೇಡಿ ತೆಗೆದುಕೊಂಡು ಎರಡು ಸಲ ಓದಿ, ಮಡಿಸಿ ಹಿಂದಕ್ಕೆ ಕೊಟ್ಟ. ಬಸ್ಸಿನಲ್ಲಿ ಹೇಳಿಕೊಳ್ಳಲು ಪರಿಚಯದವರು ಯಾರೂ ಇರಲಿಲ್ಲ. ಅಡಕೆ ವ್ಯಾಪಾರಿಯ ಅಂಗಡಿ ಆ ದಿನ ಮುಚ್ಚಿತ್ತು. ನಲವತ್ತು ವರ್ಷ ಕಾದು ಬಂದ ಸುದ್ದಿಯನ್ನು ಸಂಜೆಯವರೆಗೆ ಒಬ್ಬನೇ ಹೊತ್ತು ತಿರುಗಿ, ಕತ್ತಲಾದ ಮೇಲೆ ಚಿತ್ರದುರ್ಗಕ್ಕೆ ಬಂದು ನೆಟ್ಟಗೆ ರಾಯರ ಮನೆಯ ಬಾಗಿಲು ಬಡಿದ. ರಾಯರಿಗೆ ಸುದ್ದಿ ಬೆಳಗ್ಗೆಯೇ ತಿಳಿದಿತ್ತು. ಆದರೂ ತಿಳಿಯದವರಂತೆ ಕುಳಿತು ಆದಿಯಿಂದ ಅಂತ್ಯದವರೆಗೆ ಕೇಳಿದರು.

ಆ ಮೇಲೆ ಕರ್ನಾಟಕ ಎಷ್ಟೋ ಸಲ ಗೆದ್ದಿದೆ. 1977-78ರಲ್ಲಿ, 1982-83ರಲ್ಲಿ, ಮತ್ತೆ 1990ರ ದಶಕದಲ್ಲಿ ಮೂರು ಸಲ, 2013-14 ಮತ್ತು 2014-15ರಲ್ಲಿ. ಆದರೆ ಮೊದಲ ಜಯದ ಮರುವರ್ಷ, 1974-75ರ ಫೈನಲ್‌ನಲ್ಲಿ, ಮುಂಬಯಿ ಕರ್ನಾಟಕವನ್ನು ಸೋಲಿಸಿ ತನ್ನ ಪಟ್ಟವನ್ನು ಹಿಂದಕ್ಕೆ ಪಡೆಯಿತು. ಗುಮಾಸ್ತ ಅದನ್ನೂ ಅದೇ ಪುಸ್ತಕದಲ್ಲಿ, ಅದೇ ಮಸಿಯಲ್ಲಿ, ಖರ್ಚಿನ ಕಡೆಗೆ ಬರೆದು, ಕೆಳಗೆ ಗೆರೆ ಎಳೆದು, ಮುಂದಿನ ಪುಟಕ್ಕೆ ಹೊಸ ಋತುವಿನ ತಲೆಬರಹ ಹಾಕಿದ.